ಪ್ರತಿಕ್ರಿಯೆ: ತುಫೋ ಕಲ್ಲಿನ ಗೋಡೆ ಪದರಾಗಿ ಉದುರುತ್ತಿದೆ

ಫ್ರಾನ್ಸಿನ ಸೊಮೂರ್ ಬಳಿಯ ನಿಮ್ಮ ಹಳೆಯ ಮನೆಯ ಗೋಡೆ ಬುಡದಲ್ಲಿ ಉದುರುತ್ತಿರುವುದಕ್ಕೆ, ಎರಡು ವರ್ಷದ ಹಿಂದೆ ಕಲ್ಲುಗಳ ನಡುವಿನ ಸಂದುಗಳಿಗೆ ತುಂಬಿಸಿದೆವು ಎಂದಿರುವ ಸಿಮೆಂಟೇ ಬಹುಮಟ್ಟಿಗೆ ಕಾರಣ. ತುಫೋ ಸುಣ್ಣಕಲ್ಲಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರೀ ರಂಧ್ರಗಳು. ನೀರನ್ನು ಸ್ಪಂಜಿನಂತೆ ಹೀರುತ್ತದೆ. ಸುಣ್ಣದ ಗಾರೆಯಿದ್ದಾಗ ಆ ತೇವ ಸಂದಿನಿಂದ ಆರಿಹೋಗುತ್ತಿತ್ತು. ಈಗ ಸಿಮೆಂಟ್ ಆ ದಾರಿ ಮುಚ್ಚಿರುವುದರಿಂದ ತೇವ ಕಲ್ಲಿನ ಮೈಯಿಂದಲೇ ಹೊರಬರಬೇಕು. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಪದರವನ್ನು ಎಬ್ಬಿಸುತ್ತದೆ.

ಮೊದಲು ಮಳೆನೀರಿನ ಕೊಳವೆ ಸೋರುತ್ತಿದೆಯೇ, ಗೋಡೆಯ ಬುಡದಲ್ಲಿ ಮಣ್ಣು ಏರಿದೆಯೇ ನೋಡಿ. ತೇವ ನೆಲದಿಂದ ಬರುತ್ತಿದೆಯೋ ಮೇಲಿನಿಂದಲೋ ಎಂಬುದು ನಿಮ್ಮ ವಿವರಣೆಯಿಂದ ಖಚಿತವಾಗುತ್ತಿಲ್ಲ. ತೇವದ ಮೂಲವನ್ನು ಸರಿಪಡಿಸಿದ ಮೇಲೆ ಸಿಮೆಂಟನ್ನು ಸಣ್ಣ ಉಳಿ, ಸುತ್ತಿಗೆಯಿಂದ ಕೈಯಲ್ಲೇ ತೆಗೆಯಿರಿ. ಗ್ರೈಂಡರ್ ಬೇಡ, ಈ ಮೆತ್ತನೆಯ ಕಲ್ಲಿನ ಅಂಚು ಕ್ಷಣದಲ್ಲಿ ಹಾಳಾಗುತ್ತದೆ. ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ, ಗುಡಿಸಿದ್ದನ್ನು ಗೋಡೆಯ ಬುಡದಲ್ಲಿ ಬಿಡದೆ ಹೊರಗೆ ಸಾಗಿಸಿ. ನೀರಿನ ಜೆಟ್ ಹಾಯಿಸಿದರೆ ಅದೇ ಉಪ್ಪು ಮತ್ತೆ ಒಳಹೋಗುತ್ತದೆ.

ಒಂದು ಬೇಸಿಗೆಯಾದರೂ ಗೋಡೆ ಒಣಗಲಿ. ಅವಸರಪಟ್ಟವರೇ ಎರಡು ಸಲ ದುಡ್ಡು ಸುರಿಯುವುದು. ಆಮೇಲೆ ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು ಬೆರೆಸಿ ಸಂದು ತುಂಬಿ. ಸುಣ್ಣ ಎನ್‌ಎಚ್‌ಎಲ್ 2 (ನೀರು ಸೇರಿದಾಗ ಗಟ್ಟಿಯಾಗುವ ನೈಸರ್ಗಿಕ ಸುಣ್ಣದ ಅತಿ ಮೆತ್ತನೆಯ ದರ್ಜೆ) ಆಗಿರಲಿ, ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ಹಿಮ ಬೀಳುವ ತಿಂಗಳುಗಳಲ್ಲಿ ಈ ಕೆಲಸ ಬೇಡ. ಅಂಗಡಿಯವರು ನೀರು ತಡೆಯುವ ಸಿಲಿಕೋನ್ ಲೇಪ ತೋರಿಸಿದರೆ ಖಂಡಿತ ಕೊಳ್ಳಬೇಡಿ.

ಒಳಗೆ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಪುಡಿಯಾದ ಕಲ್ಲುಗಳಿದ್ದರೆ ತುಫೋ ಗೊತ್ತಿರುವ ಕಲ್ಲುಕುಟಿಗರನ್ನು ಕರೆಸಿ. ಹೊರಗೋಡೆ ಮುಟ್ಟುವ ಮುನ್ನ ಊರಿನ ಪುರಸಭೆಯಲ್ಲಿ ಅನುಮತಿ ಬೇಕೇ ಎಂದು ಕೇಳಿ; ಸಂರಕ್ಷಿತ ಸ್ಮಾರಕದ ಸಮೀಪದಲ್ಲಿದ್ದರೆ ಬೇಕಾಗುತ್ತದೆ.