ಮಕ್ಕಳ ಕೈಗೆ ಎಷ್ಟು ನಕ್ಷೆ?

ಮುಂಬಯಿಯ ಮಾಟುಂಗದ ಕನ್ನಡ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಪಾಠ ಹೇಳುವ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಸ್ವಯಂಸೇವಕರು ಕೂಡಿ ರಚಿಸುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಗೆ ನಮ್ಮ ಹನ್ನೆರಡು ಮಕ್ಕಳನ್ನು ಸೇರಿಸಿ, ‘ನಿಮ್ಮ ನಿಮ್ಮ ಬಡಾವಣೆಯನ್ನು ತುಂಬಿಸಿ’ ಎಂದೆ. ಎರಡು ವಾರದಲ್ಲಿ ಮೂವರು ಉಳಿದರು. ಆ ಮೂವರು ಬರೆದ ಮಹಡಿಗಳ ಲೆಕ್ಕವೂ ತಪ್ಪೆಂದು ಅಪರಿಚಿತರೊಬ್ಬರು ಟಿಪ್ಪಣಿ ಹಾಕಿದರು. ವಾರಕ್ಕೆ ಎರಡು ಗಂಟೆ ಬಿಡುವಿರುವ ಈ ಮಕ್ಕಳಿಗೆ ಯಾವ ಕೆಲಸ ಕೊಡಲಿ?”

ಮಾನ್ಯರೇ,

ಮೂವರಾದರೂ ಉಳಿದದ್ದು ನನಗೆ ಆಶ್ಚರ್ಯ. ಬಡಾವಣೆಯನ್ನು ತುಂಬಿಸುವುದೆಂದರೆ ಎಲ್ಲಿ ಆರಂಭಿಸಿ ಎಲ್ಲಿ ನಿಲ್ಲಿಸಬೇಕೆಂದು ದೊಡ್ಡವರಿಗೂ ತಿಳಿಯದ ಕೆಲಸ. ಗೂಗಲ್ ಸಂಸ್ಥೆಯು 2010ರಿಂದ 2019ರವರೆಗೆ 13ರಿಂದ 17 ವರ್ಷದ ವಿದ್ಯಾರ್ಥಿಗಳಿಗಾಗಿ ‘ಕೋಡ್-ಇನ್’ ಎಂಬ ಸ್ಪರ್ಧೆಯನ್ನು ನಡೆಸುತ್ತಿತ್ತು. ಅದರಲ್ಲಿ ಭಾಗವಹಿಸುವ ಮುಕ್ತ ತಂತ್ರಾಂಶದ ಬಳಗಗಳು ತಮ್ಮ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಯುವ ತುಣುಕುಗಳಾಗಿ ಒಡೆದು, ಮುಗಿಸಿದ್ದನ್ನು ನೋಡಿ ಒಪ್ಪುವ ಮಾರ್ಗದರ್ಶಕರನ್ನೂ ಒದಗಿಸಬೇಕಾಗಿತ್ತು. ಹೀಗೆ ಒಡೆದುಕೊಡುವ ಹೊಣೆ ಹಿರಿಯರದು; ತಮ್ಮ ಶಾಲೆಯಲ್ಲಿ ಅದು ತಮ್ಮದು. ಮಕ್ಕಳು ಒಂದು ಗಂಟೆಯಲ್ಲಿ ಮುಗಿಸುವುದನ್ನು ಹುಡುಕಲು ತಮಗೆ ಎರಡು ಗಂಟೆ ಹಿಡಿಯಬಹುದೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ಥಳಕ್ಕೆ ಹೋಗಿ ನಿಂತವರಿಗೆ ಮಾತ್ರ ತಿಳಿಯುವಂಥದ್ದನ್ನು, ಇನ್ನೊಬ್ಬ ವಿದ್ಯಾರ್ಥಿ ಅಲ್ಲಿಗೇ ಹೋಗಿ ಹತ್ತು ನಿಮಿಷದಲ್ಲಿ ಸರಿಯೋ ತಪ್ಪೋ ಎಂದು ಹೇಳಬಲ್ಲಂಥದ್ದನ್ನು ಆರಿಸಿಕೊಳ್ಳಿ. ಮಧ್ಯ ರೈಲ್ವೆಯ ಮಾಟುಂಗ ಮತ್ತು ಪಶ್ಚಿಮ ರೈಲ್ವೆಯ ಮಾಟುಂಗ ರೋಡ್ ನಿಲ್ದಾಣಗಳ ನಡುವೆ ‘ಜೆಡ್ ಬ್ರಿಜ್’ ಎಂದು ನಾವೆಲ್ಲ ಕರೆಯುವ ಪಾದಚಾರಿ ಸೇತುವೆಯಿದೆಯಲ್ಲ, ಅದರ ಒಂದೊಂದು ಬದಿಯನ್ನು ಒಂದೊಂದು ಜೋಡಿಗೆ ವಹಿಸಿ. ಮೆಟ್ಟಿಲುಗಳು ಎಷ್ಟು, ಹಿಡಿದು ಹತ್ತಲು ಕಂಬಿ ಇದೆಯೇ, ಗಾಲಿಕುರ್ಚಿಗೆ ದಾರಿ ಇದೆಯೇ ಎಂಬ ಮೂರೇ ಪ್ರಶ್ನೆಗಳು ಸಾಕು. ಆಂಡ್ರಾಯ್ಡ್ ಫೋನಿನ ‘ಸ್ಟ್ರೀಟ್‌ಕಂಪ್ಲೀಟ್’ ಆ್ಯಪ್ ಇಂಥ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ, ಉತ್ತರವನ್ನು ತಾನೇ ನಕ್ಷೆಗೆ ಸೇರಿಸುತ್ತದೆ.

ಮಹಡಿಗಳ ತಪ್ಪು ಹೇಗಾಗಿರಬಹುದೆಂದು ಊಹಿಸಬಲ್ಲೆ. ಮುಂಬಯಿಯಲ್ಲಿ ‘ಗ್ರೌಂಡ್ ಪ್ಲಸ್ ತ್ರೀ’ ಎನ್ನುವ ಕಟ್ಟಡಕ್ಕೆ ಮಕ್ಕಳು 3 ಎಂದು ಬರೆದಿರುತ್ತಾರೆ. ಈ ನಕ್ಷೆಯ ಲೆಕ್ಕದಲ್ಲಿ ನೆಲಮಹಡಿಯೂ ಸೇರುವುದರಿಂದ ಅದು 4 ಆಗಬೇಕು. ಟಿಪ್ಪಣಿ ಬರೆದ ಅಪರಿಚಿತರಿಗೆ ಮಕ್ಕಳಿಂದಲೇ ಒಂದು ಸಾಲಿನ ಕೃತಜ್ಞತೆ ಬರೆಸಿ. ಉಪಗ್ರಹದ ಚಿತ್ರ ನೋಡಿ ಮನೆಗಳ ಅಂಚು ಎಳೆಯುವ ಕೆಲಸವನ್ನು ಮಾತ್ರ ಸದ್ಯಕ್ಕೆ ಬೇಡವೆನ್ನುತ್ತೇನೆ. 2010ರ ಹೈಟಿ ಭೂಕಂಪದ ವೇಳೆ ಜಗತ್ತಿನ ಸ್ವಯಂಸೇವಕರು ಅದನ್ನೇ ಮಾಡಿ ಪರಿಹಾರ ಕಾರ್ಯಕ್ಕೆ ನೆರವಾದರೆಂಬುದು ನಿಜವಾದರೂ, ನೀಲಿ ತಾಡಪತ್ರಿ ಹೊದ್ದ ನಮ್ಮ ಝೋಪಡಪಟ್ಟಿಗಳಲ್ಲಿ ಎಲ್ಲಿ ಒಂದು ಮನೆ ಮುಗಿದು ಇನ್ನೊಂದು ಶುರುವಾಗುತ್ತದೆಂದು ಪಳಗಿದ ಕಣ್ಣಿಗೂ ಕಾಣದು.

ಕನ್ನಡದ ಮಕ್ಕಳಿಗೆಂದೇ ಕಾದಿರುವ ಕೆಲಸವೊಂದಿದೆ. ಸ್ಥಳದ ಫಲಕದ ಮೇಲಿರುವ ಹೆಸರಿಗೆ ಈ ನಕ್ಷೆಯಲ್ಲಿ ಒಂದು ಮುಖ್ಯ ಖಾನೆಯಿದ್ದು, ಬೇರೆ ಬೇರೆ ಭಾಷೆಗಳ ರೂಪಗಳಿಗೆ ಪ್ರತ್ಯೇಕ ಖಾನೆಗಳಿವೆ. ಕನ್ನಡದ್ದನ್ನು ‘ಕೆಎನ್’ ಎಂಬ ಸಂಕೇತದಿಂದ ಗುರುತಿಸುತ್ತಾರೆ. ಮುಖ್ಯ ಖಾನೆಯನ್ನು ಮುಟ್ಟದೆ ಕನ್ನಡದ ಖಾನೆಯನ್ನಷ್ಟೇ ತುಂಬಬೇಕು, ಅದೂ ಇಂಗ್ಲಿಷ್ ಅಕ್ಷರಗಳನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ ಅಲ್ಲ, ಇಲ್ಲಿನ ಕನ್ನಡಿಗರು ನಿಜವಾಗಿ ಬಳಸುವ ರೂಪವನ್ನು ಕೇಳಿ ಓದಿ ತಿಳಿದು. ದಾದರ್‌ನಿಂದ ಠಾಣೆಯವರೆಗಿನ ನಿಲ್ದಾಣಗಳನ್ನು ಮಕ್ಕಳಿಗೆ ಹಂಚಿದರೆ ಒಂದು ಶನಿವಾರಕ್ಕೆ ಸರಿಹೋಗುತ್ತದೆ. ಹಿರಿಯರು ಈಗಲೂ ಎಲ್ಫಿನ್‌ಸ್ಟನ್ ರೋಡ್ ಎನ್ನುವ ನಿಲ್ದಾಣ 2018ರಲ್ಲಿ ಪ್ರಭಾದೇವಿ ಆಯಿತು. ಅಂಥ ಹಳೆಯ ಹೆಸರುಗಳಿಗೂ ಬೇರೆ ಖಾನೆಯುಂಟು, ಅವನ್ನು ಮನೆಯ ಅಜ್ಜಂದಿರನ್ನು ಕೇಳಿ ಪಟ್ಟಿ ಮಾಡಬಹುದು.

ಎರಡು ಎಚ್ಚರಿಕೆಗಳು. ಗೂಗಲ್ ಮ್ಯಾಪ್ಸ್ ನೋಡಿ ಒಂದಕ್ಷರವನ್ನೂ ನಕಲು ಮಾಡಕೂಡದು. ಪರವಾನಗಿಯ ದೃಷ್ಟಿಯಿಂದ ಅದು ಇಡೀ ಯೋಜನೆಗೇ ತೊಡಕು. ಚಾಳಿನ ಕೋಣೆಗಳಲ್ಲಿ ಯಾರು ವಾಸವಾಗಿದ್ದಾರೆಂಬ ಖಾಸಗಿ ವಿವರವೂ ನಕ್ಷೆಗೆ ಬರಬಾರದು.

ಇನ್ನು ನಮ್ಮದೊಂದು ತಪ್ಪೊಪ್ಪಿಗೆ. ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಒಂದೇ ಊರಿನ ಹೆಸರು ‘ಡೊಂಬಿವಲಿ’ ಎಂದೂ ‘ಡೊಂಬಿವಿಲಿ’ ಎಂದೂ ಎರಡು ಬಗೆಯಾಗಿ ಅಚ್ಚಾಗಿದೆ. ಉಳಿದ ಆ ಮೂವರನ್ನು ಒಂದು ಶನಿವಾರ ಮಧ್ಯಾಹ್ನ ನಮ್ಮ ಕಚೇರಿಗೆ ಕರೆತನ್ನಿ. ಹಳೆಯ ಸಂಚಿಕೆಗಳ ಕಟ್ಟುಗಳನ್ನು ಬಿಚ್ಚಿಡುತ್ತೇವೆ. ಯಾವ ರೂಪ ಹೆಚ್ಚು ಸಲ ಬಂದಿದೆಯೆಂದು ಅವರು ಎಣಿಸಿ ಹೇಳಲಿ, ಮುಂದಿನ ಸಂಚಿಕೆಯಿಂದ ನಾವೂ ಅದನ್ನೇ ಅಚ್ಚು ಮಾಡುತ್ತೇವೆ.

– ಸಂ.