ಶಾಲೆ ಬಿಟ್ಟ ಮೇಲೆ ಮಕ್ಕಳು ಎಲ್ಲಿ, ಯಾರ ಜೊತೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಸರ್ಕಾರಿ ಶಾಲೆ ಮಕ್ಕಳ ಸಂಜೆ ಹೊತ್ತಿನ ಬಗ್ಗೆ ಈ ಬಾರಿ ತುಂಬ ಪ್ರಶ್ನೆಗಳು ಬಂದಿವೆ. ಕೇಳಿದವರು ಬೇರೆ ಬೇರೆ, ಚಿಂತೆ ಮಾತ್ರ ಹೆಚ್ಚುಕಡಿಮೆ ಒಂದೇ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಮನೆ ಸೇರುವಾಗ ಏಳು ಗಂಟೆ. ಮಗಳು ನಾಲ್ಕನೇ ಕ್ಲಾಸು, ನಾಲ್ಕೂವರೆಗೆ ಶಾಲೆ ಬಿಡುತ್ತಾರೆ. ಪಕ್ಕದ ಬೀದಿಯಲ್ಲಿ ಟ್ಯೂಷನ್ ಇದೆ, ತಿಂಗಳಿಗೆ 600 ರೂಪಾಯಿ. ಕಳಿಸಲಾ?
– ಒಬ್ಬ ತಾಯಿ, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಅಮ್ಮಾ, ಓದಿನ ಮಾತು ಆಮೇಲೆ. ಆ ಎರಡೂವರೆ ಗಂಟೆ ಮಗು ಯಾರ ಕಣ್ಣಳತೆಯಲ್ಲಿರುತ್ತೆ ಅನ್ನೋದು ಮೊದಲು. ಟ್ಯೂಷನ್‌ಗೆ ದುಡ್ಡು ಕೊಡುವ ಎಷ್ಟೋ ಮನೆಯವರು ನಿಜವಾಗಿ ಕೊಡುವುದು ಆ ನೆಮ್ಮದಿಗೇ. ಅದರಲ್ಲಿ ತಪ್ಪೇನೂ ಇಲ್ಲ.

ಕಳಿಸುವ ಮುಂಚೆ ಒಂದು ಸಂಜೆ ರಜೆ ಹಾಕಿಯಾದರೂ ಹೋಗಿ ನೋಡಿ ಬನ್ನಿ. ಎಷ್ಟು ಮಕ್ಕಳಿದ್ದಾರೆ, ಆ ಮನೆಯಲ್ಲಿ ಇನ್ನು ಯಾರ್ಯಾರು ಇರುತ್ತಾರೆ, ಶೌಚಾಲಯ ಇದೆಯಾ, ಮುಗಿದ ಮೇಲೆ ಮಕ್ಕಳು ಹೇಗೆ ಮನೆಗೆ ಹೋಗುತ್ತಾರೆ ಎಂದು ಕೇಳಿ. ಮಕ್ಕಳು ಏನು ಮಾಡುತ್ತಿದ್ದಾರೆ ಅಂತಲೂ ನೋಡಿ. ಎಲ್ಲರೂ ತಲೆ ತಗ್ಗಿಸಿ ಗೈಡ್ ನೋಡಿ ಪ್ರಶ್ನೋತ್ತರ ಇಳಿಸಿಕೊಳ್ಳುತ್ತಿದ್ದರೆ ನೋಟ್‌ಬುಕ್ ತುಂಬುತ್ತೆ ಅಷ್ಟೇ. ಕಳಿಸಲು ಶುರು ಮಾಡಿ ಎರಡು ತಿಂಗಳಾದ ಮೇಲೆ, ಮಗಳು ಹಿಂದೆಂದೂ ನೋಡಿರದ ಒಂದು ಪುಟವನ್ನು ಓದಲು ಕೊಡಿ. ಮೊದಲಿಗಿಂತ ಸರಾಗವಾಗಿ ಓದಿದರೆ ನಿಮ್ಮ ದುಡ್ಡು ಸಾರ್ಥಕ.

ಆ ಟ್ಯೂಷನ್ ನಡೆಸುವವರು ಶಾಲೆಯ ಶಿಕ್ಷಕರೇ ಆಗಿದ್ದರೆ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಪಾಠ ಹೇಳುವಂತಿಲ್ಲ.

ಇನ್ನೊಂದು ದಾರಿಯೂ ಇದೆ. ನಿಮ್ಮ ಬೀದಿಯಲ್ಲೇ ಗಾರ್ಮೆಂಟ್ಸ್‌ಗೆ ಹೋಗುವ ಬೇರೆ ತಾಯಂದಿರು ಇರಬೇಕು, ಅಲ್ವಾ? ನಾಲ್ಕು ಮನೆಯವರು ಅದೇ 600 ಹಾಕಿದರೆ 2,400 ಆಯಿತು. ಡಿಗ್ರಿ ಓದುತ್ತಿರುವ ನಿಮ್ಮೂರಿನ ಹುಡುಗಿಯೊಬ್ಬಳು ನಿಮ್ಮಲ್ಲೇ ಒಬ್ಬರ ಮನೆಯಲ್ಲಿ, ಮನೆಯ ಅಜ್ಜಿಯೋ ಅತ್ತೆಯೋ ಇರುವ ಕಡೆ, ಮಕ್ಕಳನ್ನು ಕೂರಿಸಿಕೊಳ್ಳಬಹುದು. ಆ ಹುಡುಗಿಯ ಫೀಸಿಗೂ ಅನುಕೂಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೂ, ಅಂದರೆ ಊರಿನ ಗ್ರಂಥಾಲಯವನ್ನೂ ವಿಚಾರಿಸಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು. ನಮ್ಮ ಮನೆ ಜಗಲಿಯಲ್ಲಿ ಊರಿನ ಸರ್ಕಾರಿ ಶಾಲೆ ಮಕ್ಕಳಿಗೆ ಸಂಜೆ ಉಚಿತವಾಗಿ ಪಾಠ ಹೇಳಬೇಕೆಂದಿದ್ದೇನೆ. ಎರಡನೇ ತರಗತಿಯಿಂದ ಏಳನೇ ತರಗತಿವರೆಗಿನ ಇಪ್ಪತ್ತು ಇಪ್ಪತ್ತೈದು ಮಕ್ಕಳು ಬರಬಹುದು. ಎಲ್ಲಿಂದ ಶುರು ಮಾಡಲಿ?
– ತಿಪಟೂರು ಹತ್ತಿರದ ಹಳ್ಳಿಯಿಂದ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಒಂದು ಕೋರಿಕೆ: ಜಗಲಿಯಲ್ಲಿ ಮತ್ತೊಂದು ಶಾಲೆ ಶುರುವಾಗುವುದು ಬೇಡ. ಬೆಳಗ್ಗೆ ನಡೆದ ಪಾಠವನ್ನೇ ಸಂಜೆ ಇನ್ನೊಮ್ಮೆ ಮಾಡಿದರೆ, ಅರ್ಥವಾದ ಮಗುವಿಗೆ ಬೇಜಾರು, ಅರ್ಥವಾಗದ ಮಗುವಿಗೆ ದಿನಕ್ಕೆ ಎರಡು ಸಲ ಸೋಲು.

ಮೊದಲ ವಾರ ಪಾಠ ಬೇಡ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಎರಡು ಲೆಕ್ಕ ಮಾಡಿಸಿ. ತರಗತಿ ಕೇಳಬೇಡಿ. ಆಮೇಲೆ ಗುಂಪು ಮಾಡಿ: ಅಕ್ಷರ ಕೂಡಿಸುವವರು, ಪದ ಓದುವವರು, ನಾಲ್ಕು ಸಾಲು ಓದುವವರು, ಕತೆ ಓದಬಲ್ಲವರು. ಐದನೇ ತರಗತಿಯ ಹುಡುಗ ಎರಡನೇ ತರಗತಿಯ ಹುಡುಗಿ ಜೊತೆ ಒಂದೇ ಗುಂಪಿಗೆ ಬಂದರೆ ಗಾಬರಿ ಬೇಡ. ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ಅಸರ್ ಸಮೀಕ್ಷೆ 2024ರಲ್ಲಿ ಕಂಡಿದ್ದೂ ಅದೇ: ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿ ಮಕ್ಕಳ ಪೈಕಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 45ರಷ್ಟು. ಉಳಿದವರು ಕೈಯಲ್ಲಿ ಐದನೇ ತರಗತಿ ಪುಸ್ತಕ ಹಿಡಿದು ಸುಮ್ನೆ ಕೂತಿರುತ್ತಾರೆ.

ಕನ್ನಡದಲ್ಲಿ ಮಕ್ಕಳು ಎಡವುವ ಜಾಗ ನಿಮಗೆ ಗೊತ್ತೇ ಇದೆ. ಕಾಗುಣಿತ ದಾಟಿದ ಮಗುವೂ ಒತ್ತಕ್ಷರದ ಹತ್ತಿರ ನಿಲ್ಲುತ್ತೆ. ‘ಬೆಲ್ಲ’ ಅಂತ ಬರೆದಿದ್ದರೆ ‘ಬೆಲ’ ಅನ್ನುತ್ತೆ, ಮುಂದೆ ಹೋಗುತ್ತೆ. ಕೆಳಗಿನ ಒತ್ತು ಕಣ್ಣಿಗೆ ಬಿದ್ದಿರುವುದೇ ಇಲ್ಲ. ಚೀಟಿಗಳಲ್ಲಿ ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ ಅಂತ ಜೋಡಿ ಬರೆದು ಹರಡಿ. ನೀವು ಕೂಗಿದ ಚೀಟಿಯನ್ನು ಮಗು ಎತ್ತಬೇಕು. ಕತೆ ಕೇಳಿದಾಗ ಕತ್ತೆ ಎತ್ತಿದರೆ ಜಗಲಿ ತುಂಬ ನಗು. ಆ ನಗುವಿನಲ್ಲೇ ಒತ್ತಕ್ಷರ ಕಣ್ಣಿಗೆ ಬೀಳಲು ಶುರುವಾಗುತ್ತೆ.

ಲೆಕ್ಕದಲ್ಲೂ ಹೀಗೇ. 52ರಲ್ಲಿ 27 ಕಳೆಯಲು ಕೊಡಿ. ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದುಬಿಡುತ್ತಾರೆ. ಇಂಟು ಗುರುತು ಹಾಕಿದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ‘ಹೇಗೆ ಮಾಡಿದೆ, ಹೇಳು ಮಗಾ’ ಅಂತ ಕೇಳಿ. ನಿಮ್ಮ ಸೀಮೆಯಲ್ಲಿ ತೆಂಗಿನ ಗರಿಗೆ ಬರವಿಲ್ಲ. ಕಡ್ಡಿ ಸೀಳಿ ಹತ್ತರ ಕಟ್ಟು ಮಾಡಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಮುಂದಿಟ್ಟು 27 ಕಡ್ಡಿ ಕೊಡು ಅನ್ನಿ. ಏಳು ಬಿಡಿ ಕಡ್ಡಿ ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದ ಕೈಗೆ ದಶಕ ತರುವುದು ಅಂದರೇನು ಅಂತ ಗೊತ್ತಾಗುತ್ತೆ. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ (ಲೆಕ್ಕ ಕಲಿಸುವ ಸಾಮಗ್ರಿಗಳ ಪೆಟ್ಟಿಗೆ) ಇದ್ದರೆ ಅದನ್ನೂ ಕೇಳಿ ನೋಡಿ.

ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ. ಅದರಲ್ಲೂ ಮೊದಲ ಅರ್ಧ ಗಂಟೆ ಆಟ, ಬಾಯಿಗೊಂದಿಷ್ಟು. ಮಧ್ಯಾಹ್ನದ ಬಿಸಿಯೂಟ ಉಂಡ ಮಗುವಿಗೆ ಸಂಜೆ ಐದಕ್ಕೆ ಹೊಟ್ಟೆ ಚುರುಗುಟ್ಟುತ್ತಿರುತ್ತೆ. ಮಂಡಕ್ಕಿ, ಕಡಲೆಕಾಯಿ, ಒಂದು ತುಂಡು ಬೆಲ್ಲ ಸಾಕು. ಓದಲು ಕತೆ ಪುಸ್ತಕ ಬೇಕಲ್ಲ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆಸಿ ದಾರ ಹಾಕಿ ಹೊಲಿದರೆ ಆಯಿತು.

ಇದೆಲ್ಲ ಫಲ ಕೊಡುತ್ತಾ ಅಂತ ಅನುಮಾನ ಬಂದರೆ ತಮಿಳುನಾಡಿನ ಕಡೆ ನೋಡಿ. ಕೋವಿಡ್‌ನಲ್ಲಿ ಶಾಲೆ ಮುಚ್ಚಿ ಮಕ್ಕಳು ಹಿಂದೆ ಬಿದ್ದಾಗ ಅಲ್ಲಿನ ಸರ್ಕಾರ 2021ರಲ್ಲಿ ‘ಇಲ್ಲಂ ತೇಡಿ ಕಲ್ವಿ’ (ಮನೆ ಬಾಗಿಲಿಗೆ ಶಿಕ್ಷಣ) ಶುರು ಮಾಡಿತು. ಆಯಾ ಬೀದಿಯ ಸ್ವಯಂಸೇವಕರು, ಅದರಲ್ಲೂ ಹೆಚ್ಚಿನವರು ಹೆಣ್ಣುಮಕ್ಕಳು, ದಿನಾ ಸಂಜೆ ಒಂದರಿಂದ ಒಂದೂವರೆ ಗಂಟೆ ಮಕ್ಕಳ ಜೊತೆ ಕೂತರು. ತಿಂಗಳಿಗೆ 1,000 ರೂಪಾಯಿ ಗೌರವಧನ. ಹಳ್ಳಿ ಮಕ್ಕಳನ್ನು ಪರೀಕ್ಷಿಸಿ ನೋಡಿದ ಸಂಶೋಧಕರ ಲೆಕ್ಕದಲ್ಲಿ, ಶಾಲೆ ತೆರೆದ ಮೇಲೆ ಮಕ್ಕಳು ಮರಳಿ ಪಡೆದ ಕಲಿಕೆಯಲ್ಲಿ ಸುಮಾರು ಕಾಲು ಭಾಗ ಈ ಸಂಜೆ ಪಾಠದಿಂದ ಬಂದಿತ್ತು.

ಉತ್ತರ ಪ್ರದೇಶದ ಜೌನ್‌ಪುರದ ಅನುಭವವೂ ತಿಳಿದಿರಲಿ. ಅಲ್ಲಿ ಹಳ್ಳಿಯ ಯುವಕರಿಗೆ ತರಬೇತಿ ಕೊಟ್ಟು ಓದುವ ಶಿಬಿರ ನಡೆಸಿದರು. ಬಂದ ಮಕ್ಕಳು ಚೆನ್ನಾಗಿ ಕಲಿತರು. ಆದರೆ ಹೆಚ್ಚಿನ ಮಕ್ಕಳು ಬರಲೇ ಇಲ್ಲ, ಅದರಲ್ಲೂ ಓದಲು ಬಾರದ ಎಷ್ಟೋ ಮಕ್ಕಳು. ಹಾಗಾಗಿ ಜಗಲಿಯಲ್ಲಿ ಕಾಯುತ್ತ ಕೂರಬೇಡಿ. ಎರಡು ದಿನ ಬಾರದ ಮಗುವಿನ ಮನೆಗೆ ಹೋಗಿ ಬನ್ನಿ. ದನ ಹೊಡೆದುಕೊಂಡು ಬರುವ, ತಮ್ಮನನ್ನು ನೋಡಿಕೊಳ್ಳುವ ಕೆಲಸ ಇರಬಹುದು. ತಮ್ಮನನ್ನೂ ಎತ್ತಿಕೊಂಡು ಬರಲಿ ಬಿಡಿ.

ಕೊನೆಯದು, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ಒಬ್ಬರು ಹೆಂಗಸಾದರೆ ಒಳ್ಳೆಯದು. ಜಗಲಿ ಬೀದಿಗೆ ಕಾಣುವಂತಿರಲಿ. ಇದು ನಿಮ್ಮ ಮೇಲಿನ ಅನುಮಾನ ಅಲ್ಲ, ಎಲ್ಲ ಕಡೆ ಇರಬೇಕಾದ ನಿಯಮ. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಪ್ರಶ್ನೆ: ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ. ಶಾಲೆಯ ಒಂದು ಕೊಠಡಿಯಲ್ಲಿ ಸಂಜೆ ತರಗತಿ ನಡೆಸಬೇಕೆಂದರೆ ಮುಖ್ಯ ಶಿಕ್ಷಕರು ಬೀಗದ ಕೈ ಕೊಡಲು ಹಿಂದೇಟು ಹಾಕುತ್ತಾರೆ. ಏನು ಮಾಡಲಿ?
– ಸಿಂದಗಿ ತಾಲ್ಲೂಕು

ಉತ್ತರ: ಅವರ ಜಾಗದಲ್ಲಿ ನಿಂತು ನೋಡಿ, ಸರ್. ಕಂಪ್ಯೂಟರ್ ಕಳುವಾದರೆ, ಅಕ್ಕಿ ಮೂಟೆ ಕಡಿಮೆಯಾದರೆ ಉತ್ತರ ಹೇಳಬೇಕಾದವರು ಅವರು. ಬಾಯಿಮಾತಿನಲ್ಲಿ ಬೀಗದ ಕೈ ಕೇಳಿದರೆ ಯಾರಾದರೂ ಹೆದರುತ್ತಾರೆ.

ಸಮಿತಿ ಸಭೆ ಕರೆದು ಠರಾವು ಮಾಡಿ. ಯಾವ ಕೊಠಡಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಬೀಗ ತೆಗೆದು ಹಾಕುವವರು ಯಾರು, ಕರೆಂಟ್ ಬಿಲ್ಲು ಯಾರದು, ಕಸ ಗುಡಿಸುವವರು ಯಾರು, ಎಲ್ಲವನ್ನೂ ಬರೆಯಿರಿ. ಕಚೇರಿ ಕೋಣೆ, ಅಡುಗೆ ಕೋಣೆಗೆ ಬೇರೆ ಬೀಗ. ಶೌಚಾಲಯಕ್ಕೆ ಮಾತ್ರ ಬೀಗ ಬೇಡ, ಅದು ಮಕ್ಕಳಿಗೆ ಬೇಕು. ಠರಾವಿನ ಪ್ರತಿ ಇಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಕಾಗದ ಕೈಗೆ ಬಂದರೆ ಮುಖ್ಯ ಶಿಕ್ಷಕರಿಗೂ ಧೈರ್ಯ.

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆ ತಾಯಂದಿರನ್ನು ಸಭೆಗೆ ನಿಜವಾಗಿಯೂ ಕರೆಯಿರಿ. ಸುಮ್ನೆ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವುದು ಬೇಡ. ಸಂಜೆ ಮಕ್ಕಳು ಎಲ್ಲಿರುತ್ತಾರೆ ಅಂತ ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳೇ ಎದ್ದು ನಿಂತು ಕೊಠಡಿ, ಲೈಟು ಕೇಳಲಿ. ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಯ ಗೆಳೆಯರು ನಾವು. ಶನಿವಾರ ಸರ್ಕಾರಿ ಶಾಲೆ ಮಕ್ಕಳಿಗೆ ಇಂಗ್ಲಿಷ್, ಕಂಪ್ಯೂಟರ್ ಕಲಿಸುವ ಆಸೆ.

ಉತ್ತರ: ಬನ್ನಿ, ಆದರೆ ಒಂದು ಶೈಕ್ಷಣಿಕ ವರ್ಷ ಬರುವುದಾದರೆ ಬನ್ನಿ. ಜೂನ್‌ನಲ್ಲಿ ಶುರು ಮಾಡಿ ಮಾರ್ಚ್‌ವರೆಗೆ ಅದೇ ಮುಖಗಳು ಬರಬೇಕು. ಮೂರು ವಾರ ಬಂದು ಆಮೇಲೆ ಕಾಣೆಯಾದ ಅಣ್ಣನನ್ನು ಮಕ್ಕಳು ಗೇಟಿನ ಹತ್ತಿರ ಎಷ್ಟು ದಿನ ಕಾಯುತ್ತಾರೆ ಅಂತ ನೋಡಿದವರಿಗೆ ಗೊತ್ತು.

ಬೆಂಗಳೂರಿನ ಒಂದೇ ತರಗತಿಯಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು, ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರಿನಿಂದ ಬಂದವರ ಮಕ್ಕಳು ಇರುತ್ತಾರೆ. ಇಂಗ್ಲಿಷ್‌ಗೆ ಮುಂಚೆ ಅವರ ಮಾತು ಕೇಳಿಸಿಕೊಳ್ಳಿ. ವಾರಕ್ಕೊಂದು ದಿನದಲ್ಲಿ ಓದು ಬರಹ ಕಲಿಸುವುದು ಕಷ್ಟ, ಅದಕ್ಕೆ ದಿನಾ ಬರುವ ಒಬ್ಬರು ಬೇಕು. ಹಾಗಾಗಿ ಗೆಳೆಯರೆಲ್ಲ ಸೇರಿ ಆ ಬಡಾವಣೆಯ ಒಬ್ಬ ಹೆಣ್ಣುಮಗಳಿಗೆ ತಿಂಗಳ ಗೌರವಧನ ಕೊಡಿ. ವಾರದ ಐದು ದಿನ ಅವಳು ನೋಡಿಕೊಳ್ಳಲಿ, ಶನಿವಾರ ನೀವು ಕಂಪ್ಯೂಟರ್, ಪ್ರಯೋಗ, ಚೆಸ್ಸು, ಏನು ಬೇಕೋ ಮಾಡಿ. ಮಕ್ಕಳ ಫೋಟೊ ಕಂಪನಿ ಪೇಜಿಗೆ ಹಾಕಬೇಡಿ.

ಪ್ರಶ್ನೆ: ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ. ಶಾಲೆ ಮುಗಿದ ಮೇಲೆ ಆರೂವರೆವರೆಗೆ ವಿಶೇಷ ತರಗತಿ. ಆಮೇಲೆ ನಮ್ಮೂರಿಗೆ ಬಸ್ಸಿಲ್ಲ.
– ಹೊಸನಗರ ತಾಲ್ಲೂಕು

ಉತ್ತರ: ಪಾಠ ಎಷ್ಟೇ ಚೆನ್ನಾಗಿರಲಿ, ಕತ್ತಲಲ್ಲಿ ಕಾಡುದಾರಿ ನಡೆಸುವ ತರಗತಿ ಬೇಡ. ನಿಮ್ಮೊಬ್ಬರ ಮನೆಯ ಕಷ್ಟ ಇದಲ್ಲ, ಆ ದಾರಿಯ ಎಲ್ಲ ಮಕ್ಕಳ ಪಾಲಕರೂ ಒಟ್ಟಿಗೆ ಹೋಗಿ ಮುಖ್ಯ ಶಿಕ್ಷಕರ ಜೊತೆ ಮಾತಾಡಿ. ವಿಶೇಷ ತರಗತಿಯನ್ನು ಬೆಳಗ್ಗೆಗೆ ಹಾಕಬಹುದಾ ಅಂತ ಕೇಳಿ. ಆಗದಿದ್ದರೆ ದೂರದ ಮಕ್ಕಳನ್ನು ಕೊನೆಯ ಬಸ್ಸಿಗೆ ಬಿಟ್ಟು, ಆ ದಿನದ ಪ್ರಶ್ನೆಗಳನ್ನು ಕೈಗೆ ಕೊಟ್ಟು ಕಳಿಸಲಿ. ಊರಲ್ಲಿ ಇಬ್ಬರು ಮೂವರು ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೂ ಒಬ್ಬರ ಮನೆಯಲ್ಲಿ ಸೇರಿ ಓದಲಿ. ಮನೆಯವರು ಟಿವಿ ಆರಿಸಿದರೆ ಸಾಕು.

ಜೊತೆಗೆ ಕೆಎಸ್‌ಆರ್‌ಟಿಸಿ ಡಿಪೋಗೆ ಎಸ್‌ಡಿಎಂಸಿ ಹೆಸರಲ್ಲಿ ಅರ್ಜಿ ಕೊಡಿ. ಯಾವ ಯಾವ ಊರಿನಿಂದ ಎಷ್ಟು ಮಕ್ಕಳು, ಶಾಲೆ ಎಷ್ಟು ಗಂಟೆಗೆ ಬಿಡುತ್ತೆ, ಈಗಿರುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಸ್ಪಷ್ಟವಾಗಿ ಬರೆದು, ಮುಖ್ಯ ಶಿಕ್ಷಕರ ಸಹಿ, ಸೀಲು ಹಾಕಿಸಿ. ಸ್ವೀಕೃತಿ ಪ್ರತಿ ಕೇಳಿ ಪಡೆಯಿರಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಪ್ರತಿ ಹಿಡಿದು ಮತ್ತೆ ಹೋಗಿ.