ಕಿಟಕಿ ಎಣಿಸಬೇಡಿ, ನೆರಳು ನೋಡಿ: ಜಲವರ್ಣ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾನು ಫೈನ್ ಆರ್ಟ್ಸ್ ಕೊನೆಯ ವರ್ಷದಲ್ಲಿದ್ದೇನೆ. ನಗರದ ಬೀದಿಗಳನ್ನು ಜಲವರ್ಣದಲ್ಲಿ ಬರೆಯುವುದೇ ನನಗೆ ಇಷ್ಟ. ಮನೆಯಲ್ಲಿ ‘ಪೋರ್ಟ್ರೇಟ್ ಕಲಿ, ದುಡ್ಡು ಬರುತ್ತೆ’ ಅಂತಾರೆ. ಬೀದಿಗಳನ್ನೇ ನಂಬಿಕೊಂಡು ಬದುಕಬಹುದಾ?

ಉತ್ತರ: ಮನೆಯವರು ಹೇಳೋದು ಸುಳ್ಳಲ್ಲ. ಅಮೆರಿಕನ್ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಶ್ರೀಮಂತರ ಪೋರ್ಟ್ರೇಟ್ ಮಾಡಿಯೇ ಹೆಸರು, ದುಡ್ಡು ಎರಡನ್ನೂ ಮಾಡಿದ. 1907ರ ಹೊತ್ತಿಗೆ ಆ ಕೆಲಸ ಸಾಕು ಅಂತ ನಿಲ್ಲಿಸಿದ. ವೆನಿಸ್‌ನ ಕಾಲುವೆಗಳಲ್ಲಿ ದೋಣಿಯಲ್ಲೇ ಕೂತು ಜಲವರ್ಣ ಬರೆಯೋದು ಅವನಿಗೆ ಪ್ರಾಣ. 1909ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಅವನ 83 ಜಲವರ್ಣಗಳನ್ನು ಒಟ್ಟಿಗೇ ಕೊಂಡಿತು. ಈ ಕಥೆಯನ್ನು ಮನೆಯಲ್ಲಿ ಹೇಳಬೇಡಿ. ‘ನೋಡು, ಮೊದಲು ಪೋರ್ಟ್ರೇಟ್ ಅಲ್ವಾ’ ಅಂದರೆ ಉತ್ತರವಿರೋಲ್ಲ.

ಇಂಗ್ಲೆಂಡಿನ ಜಲವರ್ಣ ಕಲಾವಿದರಾದ ಟರ್ನರ್ ಮತ್ತು ಥಾಮಸ್ ಗಿರ್ಟಿನ್ ಕಥೆ ನಿಮಗೆ ಜಾಸ್ತಿ ಹತ್ತಿರ. ಹುಡುಗರಾಗಿದ್ದಾಗ ಇಬ್ಬರೂ ಲಂಡನ್ನಿನ ಒಬ್ಬ ವೈದ್ಯರ ಮನೆಗೆ ಸಂಜೆ ಹೋಗಿ ಬೇರೆಯವರ ಚಿತ್ರಗಳನ್ನು ನಕಲು ಮಾಡುತ್ತಿದ್ದರು. ಗಿರ್ಟಿನ್ ಗೆರೆ ಹಾಕುವುದು, ಟರ್ನರ್ ಬಣ್ಣ ತುಂಬುವುದು. ಅದಕ್ಕೆ ಕೂಲಿ ಸಿಗುತ್ತಿತ್ತು, ಜೊತೆಗೆ ಕೈಯೂ ಪಳಗಿತು. ನನ್ನ ಬದುಕೂ ಹೆಚ್ಚುಕಡಿಮೆ ಹೀಗೇ ಸಾಗಿದೆ. ವಾರಾಂತ್ಯದ ಕ್ಲಾಸು, ಆರ್ಕಿಟೆಕ್ಟ್‌ಗಳಿಗೆ ಕಟ್ಟಡದ ಚಿತ್ರ, ಕ್ಯಾಲೆಂಡರ್ ಆರ್ಡರು. ಗ್ಯಾಲರಿಯ ಮಾರಾಟ ಬಂದರೆ ಬಂತು.

ಇನ್ನೊಂದು ದಾರಿಯಿದೆ, ಅದರ ಬಗ್ಗೆ ಯಾರೂ ಹೇಳೋದಿಲ್ಲ. ಹಳೆ ಮನೆ ಕೆಡವುವ ಮುಂಚೆ ಅದರ ಚಿತ್ರ ಬೇಕು ಅಂತ ಬರುವವರಿದ್ದಾರೆ. ಒಬ್ಬ ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, ‘ಮೇಲಿನ ಆ ಕಿಟಕಿ ತೆರೆದಿರಲಿ, ಅದನ್ನು ನಾವು ಮುಚ್ಚಿದ್ದೇ ಇಲ್ಲ’ ಅಂದರು. ಅವತ್ತು ಅದು ಮುಚ್ಚಿತ್ತು. ನಾನು ತೆರೆದೇ ಬರೆದೆ. ಇಂಥವರು ಬೆಲೆಗೆ ಚೌಕಾಸಿ ಮಾಡೋದು ಕಡಿಮೆ.

ಪ್ರಶ್ನೆ: ಪರ್ಸ್ಪೆಕ್ಟಿವ್ (ದೂರ-ಹತ್ತಿರದ ಅಳತೆ) ಎಲ್ಲಾ ಸರಿಯಾಗಿ ಹಾಕುತ್ತೇನೆ. ಆದರೂ ನನ್ನ ಬೀದಿ ಇಂಜಿನಿಯರ್ ಬರೆದ ಪ್ಲಾನ್ ಥರ ಕಾಣುತ್ತೆ. ಜೀವವೇ ಇಲ್ಲ. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಚಿತ್ರ ನೋಡಿದೆ. ಎಡಗಡೆ ಕಟ್ಟಡದ ಕಿಟಕಿಗಳನ್ನೆಲ್ಲ ಎಣಿಸಿ ಬರೆದಿದ್ದೀರಿ. ಒಂದೊಂದಕ್ಕೂ ಬೇರೆ ಬೇರೆ ನೆರಳು, ಒಂದೊಂದರ ಸುತ್ತಲೂ ಗೆರೆ. ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗೋದಿಲ್ಲ.

ಸಂಜೆ ಹೊತ್ತು, ಬೆಳಕು ಎದುರಿಗಿರುವಾಗ ಬೀದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಕಟ್ಟಡ, ಮರ, ನಿಂತ ಗಾಡಿ, ಅದರ ಕೆಳಗಿನ ನೆರಳು ಎಲ್ಲಾ ಸೇರಿ ಒಂದೇ ಕಪ್ಪು ಆಕಾರ ಆಗುತ್ತೆ. ರಸ್ತೆಯ ಒಂದು ಪಟ್ಟಿ ಮಾತ್ರ ಹೊಳೆಯುತ್ತೆ. ಆ ಪಟ್ಟಿಗೆ ಬ್ರಷ್ ತಾಗಿಸಬೇಡಿ, ಖಾಲಿ ಕಾಗದವೇ ಬೆಳಕು. ಜಲವರ್ಣದಲ್ಲಿ ಬಿಳಿ ಅನ್ನೋದು ಬಿಟ್ಟದ್ದು, ಹಚ್ಚಿದ್ದಲ್ಲ.

ಆ ಕಪ್ಪು ಆಕಾರಕ್ಕೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಸಾಕು. ಬಟ್ಟಲಲ್ಲಿ ಪೂರ್ತಿ ಕಲಸಬೇಡಿ, ಕಾಗದದ ಮೇಲೇ ಸೇರಲಿ. ಮೇಲೆ ನೀಲಿ ಜಾಸ್ತಿ, ಕೆಳಗೆ ಬರುಬರುತ್ತಾ ಕಂದು ಜಾಸ್ತಿ. ಅಲ್ಟ್ರಾಮರೀನ್ ಕಣಗಳು ಕಾಗದದ ಗುಳಿಗಳಲ್ಲಿ ಕೂತು ಗೋಡೆಗೆ ತಾನಾಗೇ ಒರಟುತನ ಬರುತ್ತೆ. ಬೋರ್ಡ್ ಸ್ವಲ್ಪ ಓರೆ ಇರಲಿ. ಕೆಳಗೆ ಇಳಿದು ನಿಂತ ಬಣ್ಣದ ಅಂಚನ್ನು ಒಣಗಲು ಬಿಡದೆ ಮೇಲಿಂದ ಕೆಳಗೆ ಒಂದೇ ವಾಶ್‌ನಲ್ಲಿ, ಅಂದರೆ ನೀರುಬಣ್ಣದ ಒಂದೇ ಲೇಪದಲ್ಲಿ, ಎಳೆದುಕೊಂಡು ಬನ್ನಿ. ಕಟ್ಟಡದ ನೆರಳು ರಸ್ತೆಗೆ ಇಳಿಯುವ ಕಡೆ ನಿಲ್ಲಿಸಬೇಡಿ. ಎಲ್ಲರೂ ನಿಲ್ಲಿಸೋದು ಅಲ್ಲೇ, ಬೀದಿ ತುಂಡಾಗೋದೂ ಅಲ್ಲೇ. ಪೂರ್ತಿ ಒಣಗಿದ ಮೇಲೆ ಕಿಟಕಿ ಹಾಕಿ. ಬೆಳಕಿಗೆ ಹತ್ತಿರ ಇರುವ ನಾಲ್ಕೋ ಐದೋ ಸಾಕು, ಉಳಿದವನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತೆ.

ಜನ ಮುಖ್ಯ. ರಸ್ತೆ ಸಮತಟ್ಟಾಗಿದ್ದು ನೀವು ನಿಂತು ನೋಡುತ್ತಿದ್ದರೆ, ನಿಮ್ಮಷ್ಟೇ ಎತ್ತರದವರ ತಲೆಗಳೆಲ್ಲ ಒಂದೇ ಗೆರೆಯಲ್ಲಿ, ನಿಮ್ಮ ಕಣ್ಣಿನ ಮಟ್ಟದಲ್ಲಿ ಬರುತ್ತವೆ. ದೂರ ಹೋದಷ್ಟೂ ಕಾಲು ಮೇಲಕ್ಕೇರುತ್ತೆ, ತಲೆ ಅಲ್ಲೇ ಇರುತ್ತೆ. ಮೈಯನ್ನು ಕ್ಯಾರೆಟ್ ಥರ ಮೇಲೆ ಅಗಲ, ಕೆಳಗೆ ಚೂಪು ಮಾಡಿ. ತಲೆಗೆ ಒಂದು ಚುಕ್ಕೆ. ಪಾದ ಬೇಡ, ಒದ್ದೆ ಇರುವಾಗಲೇ ನೆರಳಿಗೆ ಸೇರಿಸಿಬಿಡಿ. ಪಾದ ಬರೆದರೆ ಮನುಷ್ಯ ನಿಂತುಬಿಡುತ್ತಾನೆ.

ಗಿರ್ಟಿನ್ 1800ರಲ್ಲಿ ಬರೆದ ‘ದ ವೈಟ್ ಹೌಸ್ ಅಟ್ ಚೆಲ್ಸಿ’ ಒಮ್ಮೆ ನೋಡಿ. ಮುಸ್ಸಂಜೆಯ ನದಿ, ದೂರದಲ್ಲೊಂದು ಚಿಕ್ಕ ಬಿಳಿ ಮನೆ. ಉಳಿದದ್ದೆಲ್ಲ ಮಂದ. ಇದನ್ನು ಬರೆದಾಗ ಅವನಿಗೆ 25. ಎರಡು ವರ್ಷದಲ್ಲಿ ಹೋಗಿಬಿಟ್ಟ.

ಪ್ರಶ್ನೆ: ರಸ್ತೆಯಲ್ಲಿ ಬರೆಯೋಕೆ ಮುಜುಗರ, ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ. ಫೋಟೋ ನೋಡಿ ಬರೆದರೆ ತಪ್ಪಾ?

ಉತ್ತರ: ತಪ್ಪೇನಿಲ್ಲ. ಆದರೆ ಫೋಟೋದಲ್ಲಿ ನೆರಳು ಬರೀ ಕಪ್ಪಾಗಿರುತ್ತೆ, ಕಣ್ಣಿಗೆ ಕಾಣುವ ನೀಲಿ, ನೇರಳೆ ಅದರಲ್ಲಿರೋಲ್ಲ. ಅದಕ್ಕೇ ಜಾಗಕ್ಕೆ ಹೋಗಿ ಚಿಕ್ಕದೊಂದು ಸ್ಕೆಚ್ ಮಾಡಿ, ನೆರಳಿನ ಬಣ್ಣ ಅದರ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಪೂರ್ತಿ ಚಿತ್ರ ಅಲ್ಲೇ ಬರೆಯೋದಾದರೆ ಮೊದಲು ನೆರಳಿನ ಅಂಚನ್ನು ಪೆನ್ಸಿಲಿನಲ್ಲಿ ಗುರುತಿಸಿ, ಆಮೇಲೆ ಸೂರ್ಯ ಸರಿದರೂ ಅದನ್ನು ಬದಲಿಸಬೇಡಿ. ಬೆನ್ನಿಗೆ ಗೋಡೆ ಇರುವ ಜಾಗ ಹುಡುಕಿ, ಹಿಂದಿನಿಂದ ಇಣುಕುವವರು ತಪ್ಪುತ್ತಾರೆ. ಗೆಳತಿಯೊಬ್ಬಳು ಜೊತೆಗಿದ್ದರೆ ಇನ್ನೂ ಒಳ್ಳೇದು. ಮುಂದೆ ಬಂದು ನಿಲ್ಲುವವರು ‘ಅಕ್ಕಾ, ನನ್ನ ಗಾಡೀನೂ ಹಾಕಿ’ ಅಂತಾರೆ ಅಷ್ಟೇ. ಎಷ್ಟೋ ಸಲ ಚಿತ್ರಕ್ಕೆ ಬೇಕಿದ್ದ ಕೆಂಪು ಆ ಗಾಡಿಯಲ್ಲೇ ಸಿಕ್ಕಿದೆ.

ಪ್ರಶ್ನೆ: ‘ಜಲವರ್ಣ ಮಾಸಿಹೋಗುತ್ತೆ’ ಅಂತ ಕೊಳ್ಳುವವರು ಹಿಂಜರಿಯುತ್ತಾರೆ. ಏನು ಹೇಳಬೇಕು?

ಉತ್ತರ: ಕೆಲವು ಬಣ್ಣ ಮಾಸುತ್ತೆ ಅಂತ ನಿಜವನ್ನೇ ಹೇಳಿ. ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ ಅನ್ನೋ ಇಬ್ಬರು ವಿಜ್ಞಾನಿಗಳು ಜಲವರ್ಣಗಳನ್ನು ಬಿಸಿಲಿಗಿಟ್ಟು ಪರೀಕ್ಷೆ ಮಾಡಿ 1888ರಲ್ಲೇ ವರದಿ ಕೊಟ್ಟಿದ್ದರು. ಕಾರ್ಮೈನ್ ಕೆಂಪು, ಇಂಡಿಗೋ ನೀಲಿ ಥರದವು ಮಾಸಿದವು, ಮಣ್ಣಿನ ಬಣ್ಣಗಳು ಗಟ್ಟಿಯಾಗಿ ಉಳಿದವು. ಈಗ ಟ್ಯೂಬಿನ ಮೇಲೆ ಒಳಗಿರುವ ವರ್ಣದ್ರವ್ಯ ಯಾವುದು ಅಂತ ಹೇಳುವ ಪಿಗ್ಮೆಂಟ್ ಕೋಡ್ ಇರುತ್ತೆ, ಓದಿ ಕೊಳ್ಳಿ. ಪಿಆರ್ 83 ಅಂತಿದ್ದರೆ ಅದು ಹಳೆಯ ಅಲಿಜರಿನ್ ಕ್ರಿಮ್ಸನ್, ಮಾರುವ ಚಿತ್ರಕ್ಕೆ ಬೇಡ. ಅಲ್ಟ್ರಾಮರೀನ್ ಪಿಬಿ 29, ಧೈರ್ಯವಾಗಿ ಬಳಸಿ. ಕಾಗದ ಕಾಟನ್ನಿನದ್ದು, ಆಸಿಡ್ ಇಲ್ಲದ್ದು ಇರಲಿ. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಮೌಂಟ್ ಕೊಟ್ಟು ಫ್ರೇಮ್ ಹಾಕಿಸಿ. ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ ಅಂತ ಚೀಟಿ ಬರೆದು ಫ್ರೇಮಿನ ಹಿಂದೆ ಅಂಟಿಸಿಬಿಡಿ.